ಐದು ಬಿಲ್ಲೆ ಹೊತ್ತ ತೋಳು

ಭಾನುವಾರ ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ರೀ ನೀರಿನವರೇ,

ಟೇಲರಮ್ಮನ ನಮಸ್ಕಾರ. ನಿಮಗಿಂತ ಮೊದಲೇ ಈ ಕಾಗದವನ್ನು ತೆರೆದು ಓದುವ ಆಫೀಸಿನವರಿಗೂ ನಮಸ್ಕಾರ. ಹೋದ ಸಲ ಅವರು ಹಚ್ಚಿದ ಗೋಂದು ಹಿಡಿಯದೆ ಲಕೋಟೆ ಬಾಯಿಬಿಟ್ಟುಕೊಂಡೇ ನಿಮ್ಮ ಕೈ ಸೇರಿತೆಂದು ಬರೆದಿದ್ದಿರಿ. ನಾನು ಎರಡು ಹೊಲಿಗೆ ಹಾಕಿಕೊಡುತ್ತಿದ್ದೆ, ಆದರೆ ಬಿಚ್ಚುವ ಕೆಲಸವೂ ಅವರದೇ ಆಗುತ್ತದಲ್ಲ, ಪಾಪ.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ, ಆಮೇಲೆ ಕ್ಷೇಮಸಮಾಚಾರ. ನಿಮ್ಮನ್ನು ಮನೆಗೆ ಕರೆಸಿಕೊಳ್ಳುವ ವ್ಯವಹಾರಕ್ಕೆ ಇದುವರೆಗೆ ಆದ ಖರ್ಚು ಹೀಗಿದೆ. ಕ್ಯಾಂಪಿನ ದೊಡ್ಡ ಆಫೀಸಿಗೆ ಆರು ಸಲ ಹೋಗಿಬಂದ ಬಸ್ ಚಾರ್ಜು. ಅದಕ್ಕಾಗಿ ಅರ್ಧರ್ಧ ದಿನ ಅಂಗಡಿ ಮುಚ್ಚಿದ ನಷ್ಟ. ಅಲ್ಲಿನ ಕಾಯುವ ಬೆಂಚಿನ ಮೊಳೆಗೆ ಸಿಕ್ಕಿ ಹರಿದ ನನ್ನ ಇದ್ದೊಂದು ಒಳ್ಳೆಯ ಬಟ್ಟೆಯ ಅಂಚು. ಬಾಗಿಲಲ್ಲಿ ಕೂರುವ ಗುಮಾಸ್ತನ ಕೋಟಿಗೆ ಪುಕ್ಕಟೆಯಾಗಿ ಹಾಕಿಕೊಟ್ಟ ಹೊಸ ಅಸ್ತರು. ಅದನ್ನು ಲಂಚ ಅನ್ನಬೇಡಿ, ಆತನ ಅಸ್ತರು ನಿಜವಾಗಿಯೂ ಹರಿದು ತೋಳಿನಿಂದ ಇಣುಕುತ್ತಿತ್ತು, ಹರಿದದ್ದನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂರುವುದು ನನಗೆ ಆಗದ ಕೆಲಸ. ಕಡೆಯದಾಗಿ, ನೀವು ಬಿಟ್ಟುಹೋದ ಹಳೆಯ ಅಂಗಿಯ ಎಡ ತೋಳು. ಅದು ಈಗ ಸರದಿ ಸಾಹೇಬರ ಮೇಜಿನ ಖಾನೆಯಲ್ಲಿದೆ, ವಾಪಸು ಬರುವ ಲಕ್ಷಣವಿಲ್ಲ. ತೋಳಿಲ್ಲದ ಅಂಗಿಯನ್ನು ಮಗಳು ತನ್ನ ಗೊಂಬೆಗೆ ಹೊದಿಕೆ ಮಾಡಿಕೊಂಡಿದ್ದಾಳೆ.

ಇಷ್ಟು ಖರ್ಚಿಗೆ ಕೆಲಸವೇನೋ ಆಗಿದೆ. ನೀವು ಬರುತ್ತಿದ್ದೀರಿ. ಅಧಿಕೃತವಾಗಿ ನಿಮಗೆ ತಿಳಿಸುವುದು ಅವರ ಕೆಲಸ, ಆದರೆ ಅವರ ಕಾಗದಕ್ಕಿಂತ ನನ್ನ ಕಾಗದದ ಕಾಲು ಚುರುಕು.

ಮೂರು ವಾರ ಬರೆಯದೆ ಇದ್ದದ್ದಕ್ಕೆ ಬೇಸರಪಟ್ಟುಕೊಳ್ಳಬೇಡಿ. ಎರಡು ತುಕಡಿಗಳು ಒಟ್ಟಿಗೆ ಹೊರಡುವ ತಯಾರಿಯಲ್ಲಿವೆ, ಅಂಗಡಿಯಲ್ಲಿ ಪ್ಯಾಂಟುಗಳ ರಾಶಿ ನನ್ನ ಎದೆಮಟ್ಟಕ್ಕೆ ಬಂದಿದೆ. ಹೊರಡುವವರು ಗುಂಡಿ ಬಿಗಿ ಮಾಡಿಸುತ್ತಾರೆ, ಬಂದವರು ಸೊಂಟ ಸಣ್ಣ ಮಾಡಿಸುತ್ತಾರೆ. ನನಗೆ ಎರಡೂ ವ್ಯಾಪಾರವೇ. ಕೆಲಸ ಹೆಚ್ಚಿತ್ತು, ಅದಕ್ಕೇ ಬರೆಯಲಿಲ್ಲ. ಸದ್ಯಕ್ಕೆ ಹಾಗೆಂದೇ ಇಟ್ಟುಕೊಳ್ಳಿ.

ಬಟನ್‌ಗೆ ಮುಂದಿನ ಇನ್ನೊಂದು ಹಲ್ಲು ಬಿತ್ತು. ನಿಮ್ಮ ಮಗಳು ಅದನ್ನು ಅಂಗಡಿಯ ಗುಂಡಿ ಡಬ್ಬದಲ್ಲಿ ಜೋಪಾನವಾಗಿಟ್ಟಿದ್ದಾಳೆ. ಮೊನ್ನೆ ಅವಸರದಲ್ಲಿ ನಾನದನ್ನು ಒಬ್ಬ ಸಾರ್ಜೆಂಟರ ಅಂಗಿಗೆ ಹೊಲಿಯಲು ಕೈಗೆತ್ತಿಕೊಂಡಿದ್ದೆ. ಹೆಸರಿಟ್ಟು ಕರೆಯುವುದಕ್ಕಿಂತ ಬಟನ್ ಎಂದರೇ ಬೇಗ ಓಡಿಬರುತ್ತಾಳೆ, ಶಾಲೆಯ ಮೇಡಂ ಕೂಡ ಅದನ್ನೇ ಕಲಿತಿದ್ದಾರೆ. ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯುವ ಅಕ್ಕ ಆರೋಗ್ಯವಾಗಿದ್ದಾಳೆ, ಬಾಯಿ ಇನ್ನೂ ಆರೋಗ್ಯವಾಗಿದೆ. ಮೂರನೆಯ ಮಿಷನ್ನಿನ ಸಾಲ ತೀರಿತು. ಅಡುಗೆಮನೆಯ ನಲ್ಲಿ ಮತ್ತೆ ತೊಟ್ಟಿಕ್ಕಲು ಶುರು ಮಾಡಿದೆ.

ಸಾಲುಮನೆಗಳಲ್ಲಿ ಈಗ ಬೇರೊಂದು ತುಕಡಿಯವರು ಬಂದಿಳಿದಿದ್ದಾರೆ. ಮೊದಲ ವಾರ ಎಲ್ಲ ಮನೆಗಳಲ್ಲೂ ಮೊಳೆ ಹೊಡೆಯುವ ಸದ್ದು, ನಿಮಗೆ ಗೊತ್ತಲ್ಲ. ಬಂದವರಿಗೆ ಏನಾದರೂ ಒಂದು ಸರಿಮಾಡಬೇಕು. ಕಪಾಟಿನ ಕಾಲು, ಬಾಗಿಲ ಚಿಲಕ, ಏನೂ ಸಿಗದಿದ್ದರೆ ಕ್ಯಾಲೆಂಡರಿಗೊಂದು ಮೊಳೆ. ಆ ಸದ್ದಿನ ನಡುವೆ ನಮ್ಮ ಮನೆ ಮಾತ್ರ ಹಲ್ಲು ಬಿದ್ದ ಜಾಗದ ಹಾಗೆ ಸುಮ್ಮನಿದೆ. ಸಂಜೆ ಅಂಗಡಿಯಿಂದ ಬೀದಿಯುದ್ದಕ್ಕೆ ನಡೆದು ಬರುವಾಗ ಒಂದೊಂದು ಕಿಟಕಿಯಲ್ಲೂ ಗಂಡಸರ ಕೆಮ್ಮು ಕೇಳುತ್ತದೆ. ನಾನು ನನ್ನ ಬೀಗದ ಕೈಯನ್ನು ಬೇಕೆಂದೇ ಸ್ವಲ್ಪ ಜೋರಾಗಿ ತಿರುಗಿಸುತ್ತೇನೆ.

ಹೋದ ಸಲ ನೀವು ಬಂದಾಗಲೂ ಮೊದಲ ದಿನವೇ ಸುತ್ತಿಗೆ ಹಿಡಿದು ನಿಂತಿದ್ದಿರಿ. ‘ಏನಾದ್ರೂ ಕೆಲ್ಸ ಇದ್ಯಾ?’ ಎಂದು ಕೇಳಿದಿರಿ. ‘ಎಲ್ಲ ಮಾಡಿಸಿಬಿಟ್ಟಿದ್ದೀನಿ, ನೀವು ಹಾಯಾಗಿ ಕೂತ್ಕೊಳ್ಳಿ’ ಎಂದೆ. ಎಷ್ಟು ಹೆಮ್ಮೆಯಿಂದ ಹೇಳಿದ್ದೆ! ನೀವು ಅಂಗಡಿಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತಿರಿ. ಹೊಸಬರೊಬ್ಬರು ನಿಮ್ಮನ್ನು ‘ನಿಮ್ದು ಯಾವ ನಂಬರು?’ ಎಂದು ಕೇಳಿದರು, ನಾವೆಲ್ಲ ನಕ್ಕೆವು. ನೀವೂ ನಕ್ಕಿರಿ.

ಇರಲಿ, ವಿಷಯಕ್ಕೆ ಬರುತ್ತೇನೆ. ಇದೆಲ್ಲ ಶುರುವಾದದ್ದು ಆ ಹಳೆಯ ಅಂಗಿಯಿಂದ. ನೀವು ಈ ಸಲ ಹೊರಟ ಮರುವಾರ ಅದಕ್ಕೆ ಇಸ್ತ್ರಿ ಹಾಕಲು ತೆಗೆದೆ. ಹಾಕುವವರು ಇಲ್ಲದ ಅಂಗಿಗೆ ಯಾಕೆ ಇಸ್ತ್ರಿ ಎಂದು ನೀವು ಕೇಳಬಹುದು. ಪೆಟ್ಟಿಗೆ ಕಾದಿತ್ತು, ಸುಮ್ಮನೆ ಆರಲು ಬಿಡುವುದೇಕೆ ಎಂದು ಹಾಕಿದೆ. ಎಡ ತೋಳನ್ನು ಬೆಳಕಿಗೆ ಹಿಡಿದಾಗ ನೋಡುತ್ತೇನೆ, ತೋಳೆಲ್ಲ ಸೂಜಿಯ ತೂತು. ನೀವು ಯಾವ ತುಕಡಿಯ ಜೊತೆ ಹೊರಡುತ್ತೀರೋ, ಹಳೆಯದನ್ನು ಬಿಚ್ಚಿ ಆ ತುಕಡಿಯ ಗುರುತಿನ ಬಟ್ಟೆಯ ಬಿಲ್ಲೆಯನ್ನು ತೋಳಿಗೆ ಹೊಲಿಯುವವಳು ನಾನೇ. ಗೂಬೆಯ ಬಿಲ್ಲೆ ಗುಂಡಗಿತ್ತು, ಅದರ ತೂತುಗಳು ಗುಂಡಗಿವೆ. ಮೀನಿನದು ಉದ್ದಕ್ಕೆ. ಸುತ್ತಿಗೆಯದು ಚೌಕ, ಗೋಪುರದ್ದು ಮೇಲೆ ಚೂಪು. ಅವೆಲ್ಲದರ ಮೇಲೆ ಈಗಿನ ನಕ್ಷತ್ರದ ಐದು ಮೂಲೆ, ಹೊಸ ಅಂಗಿಗೆ ದಾಟಿಸುವ ಮುಂಚೆ ಇದಕ್ಕೇ ಹೊಲಿದದ್ದು. ನಾನೇ ಹಾಕಿದ ಹೊಲಿಗೆ, ನಾನೇ ಬಿಚ್ಚಿದ್ದು, ಒಂದೊಂದು ಸಲವೂ ಒಂದೊಂದು ಬಿಲ್ಲೆಯನ್ನಷ್ಟೇ ನೋಡಿದ್ದೆ. ಐದನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು.

‘ಏನಮ್ಮಾ, ಗಂಡನ ಅಂಗೀನಲ್ಲಿ ಹಿಟ್ಟು ಜರಡಿ ಹಿಡೀತೀಯಾ?’ ಎಂದಳು ಕಾಜಾ ಅಕ್ಕ.

‘ಅಕ್ಕಾ, ಐದು ವರ್ಷದಲ್ಲಿ ಐದನೇ ಸಲ ಹೋಗಿದ್ದಾರೆ. ಒಂದು ಪಾಲು ಹೊರಗೆ, ಎರಡು ಪಾಲು ಮನೆ ಅಂತ ಇವರದೇ ರೂಲ್ ಅಲ್ವಾ? ಒಂಬತ್ತು ತಿಂಗಳು ಹೋಗಿಬಂದ್ರೆ ಒಂದೂವರೆ ವರ್ಷ ಮನೇಲಿರ್ಬೇಕು. ಇವರು ಒಂದ್ಸಲಾನಾದ್ರೂ ಇದ್ರಾ?’

‘ರೂಲು ಗೋಡೆ ಮೇಲಿರುತ್ತೆ ಕಣೆ. ಹೋಗಿ ಗೋಡೇನೇ ಕೇಳು.’

ಅವಳು ತಮಾಷೆಗೆ ಅಂದದ್ದು. ನಾನು ಮಾರನೆಯ ದಿನ ಗೋಡೆಯನ್ನೇ ಕೇಳಲು ಹೊರಟೆ. ತೋಳನ್ನು ಭುಜದ ಹೊಲಿಗೆಯ ಹತ್ತಿರ ಕತ್ತರಿಸಿ ಚೀಲಕ್ಕೆ ಹಾಕಿಕೊಂಡೆ. ಇಡೀ ಅಂಗಿ ಒಯ್ದರೆ ರಿಪೇರಿಗೆ ತಂದಿದ್ದಾಳೆ ಎಂದುಕೊಂಡಾರು.

ಮೊದಲ ಎರಡು ಸಲ ಗುಮಾಸ್ತನನ್ನು ದಾಟಲು ಆಗಲಿಲ್ಲ. ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’ ಎನ್ನುತ್ತಿದ್ದ. ಬಾಗಿಲ ಸಂದಿಯಿಂದ ಸಾಹೇಬರು ಒಬ್ಬರೇ ಕೂತು ಬಿಸ್ಕತ್ತು ತಿನ್ನುವುದು ಕಾಣುತ್ತಿತ್ತು. ಬಿಸ್ಕತ್ತಿನ ಜೊತೆ ಮೀಟಿಂಗೇನೋ. ಅಸ್ತರು ಹಾಕಿಕೊಟ್ಟ ಮೇಲೆ ಮೀಟಿಂಗುಗಳು ಕಡಿಮೆಯಾದವು.

ಯಾವ ತುಕಡಿ ಯಾವಾಗ ಹೊರಗೆ ಹೋಗಬೇಕು, ಎಷ್ಟು ದಿನ ಮನೆಯಲ್ಲಿರಬೇಕು ಎಂದು ಗೊತ್ತುಮಾಡುವವರು ಇವರೇ. ನೀವೆಲ್ಲ ಸರದಿ ಸಾಹೇಬರು ಎನ್ನುತ್ತೀರಲ್ಲ, ದೊಡ್ಡ ಗಂಟಲಿನವರಿರಬೇಕು ಎಂದುಕೊಂಡಿದ್ದೆ. ನೋಡಿದರೆ ತೆಳ್ಳನೆಯ ಮನುಷ್ಯ, ಕಾಲರು ಸವೆದಿದೆ, ಎರಡನೆಯ ಗುಂಡಿಗೆ ಬೇರೆ ಬಣ್ಣದ ದಾರ. ಸ್ವಂತ ಕೈಯಲ್ಲಿ ಹಾಕಿಕೊಂಡ ಹೊಲಿಗೆ, ಒಂಟಿ ಗಂಡಸಿನ ಹೊಲಿಗೆ. ಅವರ ಹಿಂದಿನ ಗೋಡೆಯುದ್ದಕ್ಕೂ ಬೋರ್ಡು. ಒಂದೊಂದು ತುಕಡಿಗೆ ಒಂದೊಂದು ಸಾಲು. ಹೊರಗಿದ್ದ ಕಾಲಕ್ಕೆ ಕೆಂಪು ಪಟ್ಟಿ, ಮನೆಯಲ್ಲಿದ್ದ ಕಾಲಕ್ಕೆ ಹಸಿರು. ಒಂದೊಂದು ಕೆಂಪಿನ ಪಕ್ಕದಲ್ಲೂ ಅದರ ಎರಡರಷ್ಟು ಉದ್ದದ ಹಸಿರು. ಅಳತೆ ಪಟ್ಟಿ ಹಿಡಿದು ಕತ್ತರಿಸಿದ ಹಾಗಿತ್ತು. ಕಸುಬಿನವಳಾಗಿ ಹೇಳುತ್ತೇನೆ, ಕೆಲಸ ಅಚ್ಚುಕಟ್ಟು.

‘ಕೂತ್ಕೊಳ್ಳಿ. ಯಾವ ತುಕಡಿ?’ ಎಂದರು.

‘ಅದೇ ಸಾರ್ ಕಷ್ಟ. ಯಾವುದು ಅಂತ ಹೇಳ್ಲಿ?’

ತೋಳನ್ನು ಮೇಜಿನ ಮೇಲಿಟ್ಟೆ. ಬರೀ ತೋಳು ನೋಡಿ ಅವರಿಗೆ ಒಂದು ಕ್ಷಣ ಗಾಬರಿಯಾಯಿತು. ಅವರ ಕೆಲಸದಲ್ಲಿ ಬರೀ ತೋಳು ಒಳ್ಳೆಯ ಸುದ್ದಿಯಲ್ಲವಲ್ಲ. ‘ಅಯ್ಯೋ ಹಾಗಲ್ಲ ಸಾರ್, ಮನುಷ್ಯರು ಪೂರ್ತಿ ಇದ್ದಾರೆ, ನೀರಿನ ಯಂತ್ರದ ಮೆಕ್ಯಾನಿಕ್ಕು. ಅವರನ್ನ ಎಲ್ಲಿಟ್ಟಿದ್ದೀರಾ ಅಂತ ಕೇಳೋಕೆ ಬಂದೆ’ ಎಂದೆ.

ಅವರು ಎದ್ದು ಬೋರ್ಡಿನ ಹತ್ತಿರ ಹೋದರು. ‘ನೋಡಿ ಅಮ್ಮ, ಯಾವ ತುಕಡೀನೂ ವಿಶ್ರಾಂತಿ ಮುಗೀದೆ ಹೊರಗೆ ಹೋಗಿಲ್ಲ. ಗೂಬೆ ತುಕಡಿ ಬಂತು, ಒಂದೂವರೆ ವರ್ಷ ಮನೇಲಿತ್ತು. ಮೀನಿನದೂ ಅಷ್ಟೇ. ಸುತ್ತಿಗೆ...’

‘ಸಾರ್, ಗೂಬೆ ಮನೇಲಿ ಮಲಗಿದ್ದಾಗ ನಮ್ಮನೆಯವರು ಮೀನಿನ ಜೊತೆ ಹೋಗಿದ್ರು. ಮೀನು ಬಂದು ಮಲಗ್ತು, ಇವರು ಸುತ್ತಿಗೆ ಜೊತೆ. ಆಮೇಲೆ ಗೋಪುರ, ಈಗ ನಕ್ಷತ್ರ. ನಿಮ್ಮ ತುಕಡಿಗಳಿಗೆಲ್ಲ ಕಣ್ತುಂಬ ನಿದ್ದೆ ಆಯ್ತು ಸಾರ್. ಇವರೊಬ್ಬರಿಗೆ ಆಗಿಲ್ಲ.’

ಅವರು ತೋಳನ್ನು ಕಿಟಕಿಗೆ ಹಿಡಿದು ನೋಡಿದರು. ನನ್ನನ್ನು ಬೈಯುತ್ತಾರೆ ಅಥವಾ ಆಶ್ಚರ್ಯಪಡುತ್ತಾರೆ ಎಂದು ಕಾದಿದ್ದೆ. ಎರಡೂ ಮಾಡಲಿಲ್ಲ.

‘ಇದು ನನಗೆ ಗೊತ್ತಿಲ್ಲದ್ದಲ್ಲ’ ಎಂದರು. ‘ಈ ಬೋರ್ಡು ಬರೋಕೆ ಮುಂಚೆ ಯಾವ ತುಕಡಿಯ ಸಾಹೇಬರು ಕಡಿಮೆ ಕೂಗಾಡ್ತಾರೋ ಆ ತುಕಡೀನ ಕಳಿಸ್ತಿದ್ರು. ಅದನ್ನ ನಿಲ್ಲಿಸೋಕೆ ನನಗೆ ಎರಡು ವರ್ಷ ಹಿಡೀತು. ತುಕಡಿ ಲೆಕ್ಕ ಸರಿಹೋಯ್ತು. ಮನುಷ್ಯರ ಲೆಕ್ಕ ಬೇರೆ ಅಂತ ಮೇಲಿನವರಿಗೆ ಹೇಳಿದ್ರೆ, ತುಕಡಿ ಅಂದ್ರೇ ಮನುಷ್ಯರಲ್ವೇನ್ರೀ ಅಂತಾರೆ.’

‘ನಾಲ್ಕೇ ಜನ ಇರೋ ಕಸುಬಿನವರಿಗೆ ಅಲ್ಲ ಸಾರ್.’

‘ಅಲ್ಲ. ನೀರಿನವರು ಇಡೀ ಕ್ಯಾಂಪಿಗೆ ನಾಲ್ಕೇ ಜನ. ಒಬ್ಬನಾದರೂ ಇಲ್ದೆ ಯಾವ ತುಕಡೀನೂ ಹೊರಡೋ ಹಾಗಿಲ್ಲ. ಅಡುಗೆಯವನಿಲ್ದೆ ಬೇಕಾದ್ರೆ ಹೋಗಬಹುದು.’

‘ಸರಿ, ನಾಲ್ಕು ಜನ ಸರದಿ ಮೇಲೆ ಹೋದ್ರೂ ಐದರಲ್ಲಿ ಇವರದು ಎರಡಾಗ್ಬೇಕು. ಐದೂ ಹೇಗೆ ಸಾರ್ ಒಬ್ಬರದೇ ಆಗುತ್ತೆ?’

ಸಾಹೇಬರು ತೋಳನ್ನು ನಿಧಾನವಾಗಿ ಮಡಿಸಿದರು. ‘ಒಂದೇ ಕಸುಬಿನ ಹುಡುಗರು ತಮ್ಮ ತಮ್ಮಲ್ಲೇ ಬದಲಿ ಮಾಡ್ಕೊಳ್ತಾರೆ. ತುಕಡಿಗೆ ಬೇಕಾದ್ದು ಒಬ್ಬ ನೀರಿನವನು. ಯಾರು, ಯಾಕೆ ಅಂತ ನಾವು ಕೇಳೋ ಪದ್ಧತಿ ಇಲ್ಲ.’

‘ಹಾಗನ್ನಿ! ಬಾಯಿಲ್ಲದವರನ್ನ ಮುಂದೆ ತಳ್ಳೋ ಪದ್ಧತಿ.’

ಅವರು ನನ್ನನ್ನೇ ನೋಡಿದರು. ‘ನಿಮ್ಮ ಯಜಮಾನ್ರನ್ನ ಕೇಳಿದ್ರಾ?’

‘ಅವರನ್ನ ಕೇಳೋದೇನು ಸಾರ್? ಹೋಟೆಲಲ್ಲಿ ತಣ್ಣಗಿನ ಟೀ ಕೊಟ್ರೂ ಚೆನ್ನಾಗಿದೆ ಅಂತ ಕುಡಿದು ಬರೋ ಮನುಷ್ಯ.’

ಸಾಹೇಬರು ಇನ್ನೇನೋ ಹೇಳಲು ಬಾಯಿ ತೆರೆದರು, ಆಮೇಲೆ ಮುಚ್ಚಿಕೊಂಡರು. ನನ್ನ ವಾದಕ್ಕೆ ಸೋತರು ಎಂದುಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡು ನನಗೇ ಒಂದು ನಗು ಕೊಟ್ಟುಕೊಂಡೆ.

ಆಮೇಲಿನ ಮೂರು ಸಲ ನಾನು ಹೋದದ್ದಕ್ಕಿಂತ ಅವರು ಕರೆಸಿದ್ದೇ ಹೆಚ್ಚು. ಅಂಗಡಿಗೆ ಬರುವ ಬೇರೆ ಕಸುಬಿನವರ ತೋಳುಗಳ ಸುದ್ದಿ ಕೇಳಿದರು. ಎಕ್ಸರೇ ತೆಗೆಯುವವನದು ಮೂರು ಬಿಲ್ಲೆ, ದೊಡ್ಡ ಕ್ರೇನ್ ನಡೆಸುವವನದು ನಾಲ್ಕು. ತುಕಡಿ ಮಲಗಿದಾಗ ಎದ್ದು ಬೇರೆ ತುಕಡಿಯ ಜೊತೆ ಹೋದವರು ನೀವೊಬ್ಬರೇ ಅಲ್ಲ. ಸಾಹೇಬರು ನಿಮ್ಮ ತೋಳನ್ನು ದೊಡ್ಡವರ ಸಭೆಗೆ ಒಯ್ದರಂತೆ. ಮೇಜಿನ ಸುತ್ತ ಕೈಯಿಂದ ಕೈಗೆ ದಾಟಿಸಿದರಂತೆ. ಎಲ್ಲರಿಗಿಂತ ದೊಡ್ಡವರು ತಮ್ಮ ಕಿರುಬೆರಳನ್ನು ಒಂದು ತೂತಿಗೆ ತೂರಿಸಲು ನೋಡಿ, ‘ಇವನ ಹೆಂಡತಿ ಏನು ಮಾಡ್ತಾಳೆ?’ ಎಂದು ಕೇಳಿದರಂತೆ. ‘ಈ ತೂತುಗಳನ್ನ ಅವಳೇ ಮಾಡಿದ್ದು ಸಾರ್’ ಎಂದು ಸಾಹೇಬರು ಹೇಳಿದರಂತೆ. ಅದನ್ನು ನನಗೆ ಹೇಳುವಾಗ ಅವರು ನಕ್ಕರು. ನಾನೂ ನಕ್ಕೆ.

ಕಡೆಯ ಸಲ ಹೋದಾಗ ಗೋಡೆಯಲ್ಲಿ ಹೊಸ ಬೋರ್ಡಿತ್ತು. ತುಕಡಿಗಳ ಕೆಳಗೆ, ಕಡಿಮೆ ಜನರಿರುವ ಕಸುಬಿನ ಒಬ್ಬೊಬ್ಬ ಮನುಷ್ಯನಿಗೂ ಸ್ವಂತದ್ದೊಂದು ಸಾಲು. ಇನ್ನು ಮೇಲೆ ತುಕಡಿಯ ಹಸಿರು ಮುಗಿದರೆ ಸಾಲದು, ಆ ಮನುಷ್ಯನ ಹಸಿರೂ ಮುಗಿದಿರಬೇಕು. ಅಷ್ಟಾಗದೆ ಬದಲಿಯೂ ಇಲ್ಲ, ಎರವಲೂ ಇಲ್ಲ. ನಿಮ್ಮ ಸಾಲು ನೋಡಿದೆ. ರಕ್ತ ಚೆಲ್ಲಿದ ಹಾಗೆ ಕೆಂಪು, ನಡುನಡುವೆ ಹಸಿರಿನ ತುಣುಕು, ನಾವು ಕಾಲರಿಗೆ ತೇಪೆ ಹಾಕುತ್ತೇವಲ್ಲ ಅಷ್ಟು. ಆ ಲೆಕ್ಕದಲ್ಲಿ ನೀವು ಐದು ವರ್ಷ ಮನೆಯಲ್ಲಿ ಕೂರಬೇಕು. ಕೇಳಿಯೇಬಿಟ್ಟೆ. ‘ಹಿಂದಿನ ಬಾಕಿ ಪೂರ್ತಿ ಕೊಡೋಕಾಗಲ್ಲ ಟೇಲರಮ್ಮ, ಎರಡು ವರ್ಷಕ್ಕೆ ಒಪ್ಕೊಳ್ಳಿ’ ಎಂದರು ಸಾಹೇಬರು. ಚೌಕಾಸಿ ಮಾಡಲಿಲ್ಲ ನಾನು. ಬದುಕಿನಲ್ಲಿ ಮೊದಲ ಸಲ.

ಹೊರಡುವಾಗ ಅವರ ಬೇರೆ ಬಣ್ಣದ ಗುಂಡಿಯನ್ನು ಸರಿಮಾಡಿಕೊಡಲೇ ಎಂದು ಕೇಳಿದೆ. ‘ಬೇಡ, ಅಭ್ಯಾಸ ಆಗಿದೆ’ ಎಂದರು. ‘ನಾನೂ ಹನ್ನೊಂದು ವರ್ಷ ಹೊರಗೇ ಇದ್ದವನು. ನನ್ನ ಪರವಾಗಿ ಯಾರೂ ಹೀಗೆ ಬಂದು ಕೂತಿರಲಿಲ್ಲ. ಬಂದಿದ್ರೆ ನನಗೆ ಸಿಟ್ಟು ಬರ್ತಿತ್ತೇನೋ.’ ಆ ಮಾತು ನನಗೆ ಆಗ ತಿಳಿಯಲಿಲ್ಲ.

ಹಾಗಾಗಿ ಮುಂದಿನ ತಿಂಗಳ ಮೊದಲ ವಾರ ನಿಮ್ಮ ಜಾಗಕ್ಕೆ ಜಿರಾಫೆ ಬರುತ್ತಾನೆ. ನಾಲ್ವರಲ್ಲಿ ಎಲ್ಲರಿಗಿಂತ ಕಿರಿಯವನು, ನಾನು ಪ್ಯಾಂಟಿನ ಕೆಳಗೆ ಹೆಚ್ಚಿಗೆ ಬಟ್ಟೆ ಕೂಡಿಸಿಕೊಡಬೇಕಾದ ಹುಡುಗ. ಅವನಿಗೆ ಯಂತ್ರ ಒಪ್ಪಿಸಿ ಅದೇ ಗಾಡಿಯಲ್ಲಿ ನೀವು ಹೊರಡಬೇಕು. ಬರುವಾಗ ಕಂಬಳಿ ತರಬೇಡಿ, ಹೋದ ಸಲದ್ದೇ ಹಾಸಿಗೆಯ ಕೆಳಗಿದೆ. ಬಟನ್‌ಗೆ ಏನಾದರೂ ತನ್ನಿ, ಏನೇ ಆದರೂ ಸರಿ. ‘ಅಪ್ಪ ಈ ಸಲ ಎಷ್ಟು ದಿನ ಇರ್ತಾರೆ?’ ಎಂದು ಕೇಳಿದಳು. ಎರಡು ವರ್ಷ ಎಂದೆ. ‘ಅಷ್ಟು ದಿನ ಎಲ್ಲಿ ಕೂತಿರ್ತಾರೆ?’ ಎಂದಳು. ಆರು ವರ್ಷದ ಮಗುವಿನ ಪ್ರಶ್ನೆ, ನಗುತ್ತೀರೆಂದು ಬರೆದೆ.

ಆರೋಗ್ಯ ನೋಡಿಕೊಳ್ಳಿ. ಒದ್ದೆ ಕಾಲುಚೀಲ ಹಾಕಿಕೊಂಡು ಮಲಗಬೇಡಿ. ದಾರಿಯಲ್ಲಿ ಗಾಡಿ ಎಲ್ಲಿ ನಿಂತರೂ ಹೊಟ್ಟೆಗೆ ತಿನ್ನಿ. ನಿಮ್ಮ ನೀರು ಕುಡಿಯುವ ಆ ಮುನ್ನೂರು ಜನರೂ ಚೆನ್ನಾಗಿರಲಿ, ಅವರ ಹೆಂಡಿರು ಮಕ್ಕಳ ಹೊಟ್ಟೆ ತಣ್ಣಗಿರಲಿ, ನೀವು ಕ್ಷೇಮವಾಗಿ ಬನ್ನಿ.

ನಿಮ್ಮ,
ಟೇಲರಮ್ಮ

ಮರೆತದ್ದು:

ಮರೆತದ್ದು ಎಂದು ಬರೆದೆ, ಮರೆತಿರಲಿಲ್ಲ. ತೆರೆದು ಓದುವ ಆಫೀಸಿನವರೇ, ಇಲ್ಲಿಂದ ಮುಂದೆ ಗುಟ್ಟಿನ ಸುದ್ದಿ ಏನೂ ಇಲ್ಲ, ಗಂಡ ಹೆಂಡಿರ ಮಾತು. ಇಲ್ಲೇ ಮಡಿಸಿ ಗೋಂದು ಹಚ್ಚಿಬಿಡಿ.

ಮೂರು ವಾರ ಬರೆಯದೆ ಇದ್ದದ್ದಕ್ಕೆ ಕಾರಣ ಪ್ಯಾಂಟುಗಳ ರಾಶಿಯಲ್ಲ. ಆದೇಶ ಬಂದ ಮಾರನೆಯ ಬೆಳಿಗ್ಗೆ ಜಿರಾಫೆ ಅಂಗಡಿಗೆ ಬಂದ. ನಕ್ಷತ್ರದ ಬಿಲ್ಲೆ ಹೊಲಿಸಬೇಕಿತ್ತು. ತೋಳಿನಲ್ಲಿ ಮಗುವೂ ಇತ್ತು, ನಡೆಯಲು ಕಲಿಯುತ್ತಿರುವ ಹೆಣ್ಣುಮಗು, ತನ್ನಪ್ಪನ ಹೆಗಲಿನಿಂದ ಕೆಳಗೆ ನೋಡಲು ಹೆದರುತ್ತದೆ, ಅಷ್ಟು ಎತ್ತರ. ನಾನು ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಅವನ ತೋಳಿಗೆ ಬಿಲ್ಲೆ ಹಿಡಿದಿದ್ದೆ. ಮಗುವನ್ನು ಬಿಟ್ಟು ಹೋಗಬೇಕಾಗಿ ಬಂತು ಎಂದು ನನ್ನನ್ನು ಬೈಯಲು ಬಂದಿದ್ದಾನೆ ಎಂದುಕೊಂಡೆ.

‘ನನ್ನ ಸರದಿ ನಂದೇ ಅಕ್ಕ, ಅದಕ್ಕೆ ಬೇಜಾರಿಲ್ಲ’ ಎಂದ. ‘ಆದ್ರೆ ನಾವು ಅಣ್ಣನ್ನ ತಳ್ಳಿದ್ವಿ ಅಂತ ಆಫೀಸಲ್ಲಿ ಹೇಳಿದ್ರಂತೆ. ಯಾರೂ ತಳ್ಳಲಿಲ್ಲ ಅಕ್ಕ. ನಮ್ಮ ನೀರಿನವರಲ್ಲಿ ಹಿರಿಯರು ದೊಡ್ಡಣ್ಣ, ಅವರ ತಾಯಿ ಕೊನೇ ವಾರದಲ್ಲಿದ್ದಾಗ ನಿಮ್ಮನೆ ಅಣ್ಣನೇ ಬಂದು ನಾನು ಹೋಗ್ತೀನಿ ಅಂದ್ರು. ಅದು ಮೀನಿನ ತುಕಡಿ. ಇನ್ನೊಬ್ಬನ ಮದುವೆ ಇತ್ತು, ಆಗ ಸುತ್ತಿಗೆ. ಆಮೇಲೆ ಇವಳು ಹುಟ್ಟೋ ಹೊತ್ತಿಗೆ ನನ್ನ ಗೋಪುರಾನೂ ಅವರೇ ತಗೊಂಡ್ರು. ನಾವು ಕೇಳೇ ಇರ್ಲಿಲ್ಲ.’

ಬಾಯಲ್ಲಿ ಸೂಜಿಗಳಿದ್ದವು, ನಾನು ಮಾತಾಡುವ ಹಾಗಿರಲಿಲ್ಲ. ಅವನೇ ಮುಂದುವರಿಸಿದ. ಪಾಪ, ನನಗೆ ಸಂತೋಷವಾಗಲಿ ಎಂದೇ ಹೇಳಿದ್ದು.

‘ಒಂದ್ಸಲ ತಮಾಷೆಗೆ ಕೇಳ್ದೆ ಅಕ್ಕ, ಅಣ್ಣಾ ನಿಮಗೆ ಮನೆ ಇಲ್ವಾ ಅಂತ. ಇದೆ ಕಣೋ, ಬಹಳ ಚೆನ್ನಾಗಿದೆ ಅಂದ್ರು. ನಾನಿಲ್ದೆ ಎಲ್ಲ ಎಷ್ಟು ಸರಿಯಾಗಿ ನಡೆಯುತ್ತೆ ಗೊತ್ತಾ, ನಾನು ಹೋದ್ರೆ ಅವರಿಗೇ ಇಕ್ಕಟ್ಟು ಅಂದ್ರು. ಅಲ್ಲಾದ್ರೆ ನಾನೊಂದು ದಿನ ಮಲಗಿದ್ರೆ ಮುನ್ನೂರು ಜನಕ್ಕೆ ನೀರಿಲ್ಲ ಅಂತ ನಕ್ಕರು. ನಿಮ್ಮನ್ನ ಎಷ್ಟು ಹೊಗಳ್ತಾರೆ ಅಕ್ಕ ಅವರು.’

ಬಿಲ್ಲೆಯನ್ನು ಸೊಟ್ಟಗೆ ಹೊಲಿದೆ. ಬಿಚ್ಚಿ ಮತ್ತೆ ಹೊಲಿದುಕೊಟ್ಟೆ. ಅವನು ಕಾಸು ಕೊಡಲು ಬಂದ, ತೆಗೆದುಕೊಳ್ಳಲಿಲ್ಲ. ಅವನು ಹೋದ ಮೇಲೆ ಕಾಜಾ ಅಕ್ಕ ತಾನೇ ಎದ್ದು ಹೋಗಿ ನನಗೆ ಟೀ ತಂದುಕೊಟ್ಟಳು ಎಂದರೆ ನನ್ನ ಮುಖ ಹೇಗಿತ್ತೋ ನೀವೇ ಊಹಿಸಿ.

ನಾನು ಆರು ಸಲ ಬಸ್ಸು ಹತ್ತಿ ನಿಮ್ಮನ್ನು ಬಿಡಿಸಿಕೊಂಡು ಬರಲು ಹೋಗಿದ್ದು ಯಾರಿಂದ ಎಂದು ಆಗ ಗೊತ್ತಾಯಿತು, ನಿಮ್ಮಿಂದಲೇ. ಸಾಹೇಬರಿಗೆ ಅವತ್ತೇ ಗೊತ್ತಿತ್ತೆಂದು ಕಾಣುತ್ತದೆ, ಹೇಳಲು ಬಾಯಿ ತೆರೆದವರು ನಾನು ಟೀ ಕಥೆ ಹೇಳಿದ ಮೇಲೆ ಮುಚ್ಚಿಕೊಂಡರು. ತಣ್ಣಗಿನ ಟೀ ಚೆನ್ನಾಗಿದೆ ಅನ್ನುವ ಮನುಷ್ಯ ಮನೆಯ ಬಗ್ಗೆಯೂ ಹಾಗೆಯೇ ಅಂದಿರಬಹುದೆಂದು ನನಗೆ ಹೊಳೆದಿರಲೇ ಇಲ್ಲ. ಆದೇಶವನ್ನು ವಾಪಸು ತೆಗೆಸಲೇ ಎಂದು ಎರಡು ದಿನ ಯೋಚಿಸಿದೆ. ಬಸ್ ಸ್ಟಾಪಿನವರೆಗೂ ಹೋದೆ. ಬಸ್ಸು ಬಂತು, ಹತ್ತಲಿಲ್ಲ. ಒಬ್ಬಳೇ ಉಣ್ಣುವುದು ನನಗೂ ಸಾಕಾಗಿದೆ ಕಣ್ರೀ. ಎಲ್ಲ ಸರಿಯಾಗಿ ನಡೆಯುವ ಮನೆಯಲ್ಲಿ ರಾತ್ರಿ ಎಷ್ಟು ಸದ್ದಿಲ್ಲದೆ ಇರುತ್ತದೆ ಎಂದು ಹೊರಗಿರುವವರಿಗೆ ಗೊತ್ತಾಗುವುದಿಲ್ಲ, ಹೇಳಲು ನನಗೂ ಬಂದಿರಲಿಲ್ಲ.

ನಲ್ಲಿಯ ವಿಷಯ. ಪ್ಲಂಬರು ಮೊನ್ನೆ ತಾನಾಗಿಯೇ ಬಂದಿದ್ದ. ವಾಪಸು ಕಳಿಸಿದೆ. ಕೆಳಗೆ ಬಕೆಟ್ ಇಟ್ಟಿದ್ದೇನೆ, ದಿನಕ್ಕೆರಡು ಸಲ ತುಂಬುತ್ತದೆ, ಚೆಲ್ಲುತ್ತೇನೆ. ನನ್ನ ಸ್ವಭಾವಕ್ಕೆ ಇದು ಎಷ್ಟು ಕಷ್ಟದ ಕೆಲಸವೆಂದು ನಿಮಗೆ ಗೊತ್ತು.

ಕಡೆಯದಾಗಿ, ಯಾರಿಗೆ ಏನು ಸಿಕ್ಕಿತು ಎಂದು ಬರೆದು ಮುಗಿಸುತ್ತೇನೆ. ದೊಡ್ಡಣ್ಣನಿಗೆ ತಾಯಿಯ ಕೊನೆಯ ವಾರ ಸಿಕ್ಕಿತು. ಇನ್ನೊಬ್ಬನಿಗೆ ಮದುವೆ. ಜಿರಾಫೆಗೆ ಮಗಳು ಹುಟ್ಟಿದ ದಿನ, ಈಗ ಅವನದೇ ಸರದಿ. ಸಾಹೇಬರಿಗೆ ಹೊಸ ಬೋರ್ಡು ಮತ್ತು ಒಂದು ತೋಳು. ಎಕ್ಸರೇಯವನ ಹೆಂಡತಿಗೂ ಕ್ರೇನಿನವನ ಹೆಂಡತಿಗೂ ಗಂಡಂದಿರು. ಮೊನ್ನೆಯಿಂದ ಆ ಎರಡು ಮನೆಗಳಲ್ಲೂ ಮೊಳೆ ಹೊಡೆಯುತ್ತಿದ್ದಾರೆ. ಗುಮಾಸ್ತನಿಗೆ ಅಸ್ತರು. ಗೊಂಬೆಗೆ ಹೊದಿಕೆ. ಬಟನ್‌ಗೆ ಎರಡು ವರ್ಷ ಅಪ್ಪ. ನಿಮಗೆ ಏನು ಸಿಕ್ಕಿತೆಂದು ನನಗೆ ಗೊತ್ತಿಲ್ಲ, ನೀವೇ ಬಂದು ಹೇಳಬೇಕು.

ನನಗೆ ನೀವು ಸಿಕ್ಕಿದಿರಿ, ಆದೇಶದ ಮೇಲೆ.